ಖಾಲಿ ಚೀಲವನ್ನೂ ‘ರಾಶಿ’ ಅಂದ ನನ್ನ ಆ್ಯಪ್

2025ರ ಏಪ್ರಿಲ್‌ನ ಒಂದು ಮಧ್ಯಾಹ್ನ. ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅಪ್ಪಯ್ಯ. ಎದುರಿಗೆ ಗೋಣಿಚೀಲದ ಮೇಲೆ ಸುರಿದಿದ್ದ ನಮ್ಮನೆ ಚಾಲಿ. ಮೊಬೈಲಿನಲ್ಲಿ ನಾನೇ ಮಾಡಿದ ಆ್ಯಪ್. ಬಿಸಿಎ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಅದು, ಮೂರು ತಿಂಗಳ ಕೆಲಸ. ಅಡಿಕೆ ಫೋಟೋ ನೋಡಿ ಯಾವ ದರ್ಜೆ ಅಂತ ಹೇಳಬೇಕು. ಕ್ಯಾಮೆರಾ ಹಿಡಿದೆ. ‘ರಾಶಿ, 99 ಪರ್ಸೆಂಟ್’ ಅಂತ ಬಂತು.

ಅಡಿಕೆ ಸೀಮೆಯವರಿಗೆ ಇದು ಎಂಥ ಮರ್ಯಾದೆಗೇಡು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದರೆ ಅದು ಚಾಲಿ. ಹಸಿ ಅಡಿಕೆಯನ್ನೇ ಸುಲಿದು, ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಹಾಕಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ರಾಶಿ, ಬೆಟ್ಟೆ ಎಲ್ಲ ಆ ಜಾತಿಯವು. ಒಂದು ಬಿಳಿಚಿಕೊಂಡಿರುತ್ತದೆ, ಇನ್ನೊಂದು ಕಡುಗೆಂಪು. ನಮ್ಮೂರಲ್ಲಿ ಅಂಗನವಾಡಿ ಮಕ್ಕಳೂ ಇವೆರಡನ್ನು ತಪ್ಪು ಹೇಳುವುದಿಲ್ಲ.

ಪಕ್ಕದ ಗುಡ್ಡೆಗೆ ಹಿಡಿದೆ. ಅದು ಬಿಳೆಗೋಟು, ಬಿಳಿ ಅಡಿಕೆಯದೇ ಇನ್ನೊಂದು ದರ್ಜೆ. ಮತ್ತೆ ‘ರಾಶಿ’. ಅದರಾಚೆಯದು ಕೆಂಪುಗೋಟು. ಅದೂ ‘ರಾಶಿ’. ಸಿಟ್ಟು ಬಂದು ಮೂಲೆಯಲ್ಲಿ ಮಡಚಿಟ್ಟಿದ್ದ ಖಾಲಿ ಚೀಲಕ್ಕೆ ಹಿಡಿದೆ. ‘ರಾಶಿ, 98 ಪರ್ಸೆಂಟ್.’

ಅಪ್ಪಯ್ಯ ಇಣುಕಿ ನೋಡಿದ. ನಗಲಿಲ್ಲ. “ಚೀಲಕ್ಕೂ ರಾಶಿ ರೇಟು ಸಿಕ್ರೆ ಅಡ್ಡಿಲ್ಲೆ” ಅಂದ.

ಅಷ್ಟೇ ಹೇಳಿ ತೂಕದ ಕಡೆ ಹೋದ. ನಾನು ಮೊಬೈಲ್ ಬ್ಯಾಗಿಗೆ ಹಾಕಿದೆ. ಪ್ರಾಜೆಕ್ಟ್ ಒಪ್ಪಿಸಲು ಇನ್ನು ಐದು ವಾರ ಇತ್ತು.

ನನ್ನ ಊರು ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ. ತೋಟ, ಸೊಪ್ಪಿನ ಬೆಟ್ಟ, ನಾಲ್ಕು ಮನೆ. ಮೊದಲ ಪಿಯುಸಿ ಪೂರ್ತಿ ಕೊರೊನಾದಲ್ಲಿ ಕಳೆಯಿತು. ಮನೆಯಲ್ಲಿ ಸಿಗ್ನಲ್ ಇಲ್ಲ. ಕೊಟ್ಟಿಗೆ ಹಿಂದಿನ ಬೆಟ್ಟ ಹತ್ತಿ, ಒಂದು ಮತ್ತಿಮರದ ಬುಡದಲ್ಲಿ ಕೂತರೆ ಎರಡು ಕಡ್ಡಿ ಬರುತ್ತಿತ್ತು. ಮಳೆಗಾಲದಲ್ಲಿ ಅಲ್ಲೇ ಒಂದು ತಾಡಪಾಲು ಕಟ್ಟಿಕೊಂಡು ಪಾಠ ಕೇಳಿದ್ದೇನೆ. ಉಂಬಳ ಕಾಲಿಗೆ ಹತ್ತಿದ್ದು ಗೊತ್ತಾಗುತ್ತಿದ್ದುದು ಕ್ಲಾಸ್ ಮುಗಿದ ಮೇಲೆಯೇ. ಕರೆಂಟ್ ಹೋದರೆ ಟವರ್ ಕೂಡ ಸತ್ತು ಹೋಗುತ್ತಿತ್ತು. ಆಗ ಆ ದಿನಕ್ಕೆ ರಜೆ. ಈ ಕಥೆ ಆ ಕಾಲದಲ್ಲಿ ಮಲೆನಾಡಿನ ಎಲ್ಲರ ಮನೆಯಲ್ಲೂ ನಡೆದದ್ದೇ, ಹೆಚ್ಚು ಎಳೆಯುವುದಿಲ್ಲ.

2022ರಲ್ಲಿ ಬಿಸಿಎ ಸೇರಿದೆ. ಯಾಕೆ ಬಿಸಿಎ ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಇಂಜಿನಿಯರಿಂಗ್‌ಗೆ ಹೊರಗೆ ಹಾಸ್ಟೆಲ್ ಖರ್ಚು, ಬಿಸಿಎ ಶಿರಸಿಯಲ್ಲೇ ಇತ್ತು, ಬಸ್ ಪಾಸ್ ಇತ್ತು. ಎರಡನೇ ವರ್ಷದ ಹೊತ್ತಿಗೆ ಶಕ್ತಿ ಯೋಜನೆ ಬಂದು ಪಾಸಿನ ದುಡ್ಡೂ ಉಳಿಯಿತು.

ಮೊದಲ ಎರಡು ವರ್ಷ ನಾನು ಕಲಿಯುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಪೈಥಾನ್ ವಿಡಿಯೋ ನೋಡಿದೆ, ಜಾವಾ ವಿಡಿಯೋ ನೋಡಿದೆ. ಒಂದು ಮುಗಿದರೆ ಇನ್ನೊಂದು ತಾನೇ ಶುರುವಾಗುತ್ತಿತ್ತು. ಅವರು ಬರೆದದ್ದು ಓಡುತ್ತಿತ್ತು, ನನಗೆ ಅರ್ಥವಾದ ಹಾಗೆ ಅನ್ನಿಸುತ್ತಿತ್ತು. ಸುಮ್ನೆ ಒಂದು ದಿನ ಖಾಲಿ ಪರದೆ ತೆರೆದು, ಒಂದರಿಂದ ನೂರರವರೆಗೆ ಮೂರರಿಂದ ಭಾಗವಾಗುವ ಸಂಖ್ಯೆ ಬರೆಸೋಣ ಅಂತ ಕೂತೆ. ಇಪ್ಪತ್ತು ನಿಮಿಷವಾದರೂ ಆಗಲಿಲ್ಲ. ಅಮ್ಮಮ್ಮ ಸೀರಿಯಲ್ ನೋಡಿದ್ದಕ್ಕೂ ನಾನು ವಿಡಿಯೋ ನೋಡಿದ್ದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ಅಮ್ಮಮ್ಮನಿಗೆ ಕಡೇಪಕ್ಷ ಕಥೆ ನೆನಪಿರುತ್ತಿತ್ತು.

ಆಮೇಲೆ ಐಐಟಿಗಳವರು ಆನ್‌ಲೈನ್ ಪಾಠ ಮಾಡುವ ಎನ್‌ಪಿಟೆಲ್‌ನಲ್ಲಿ 12 ವಾರದ ಒಂದು ಕೋರ್ಸ್ ಹಿಡಿದೆ. ಪಾಠ ಪುಕ್ಕಟೆ, ಪರೀಕ್ಷೆ ಬರೆಯುವುದಾದರೆ 1000 ರೂಪಾಯಿ. ಆ ಸಾವಿರ ಕಟ್ಟಿದ್ದೇ ನನ್ನನ್ನು ಉಳಿಸಿತು. ಅಪ್ಪಯ್ಯನ ಹತ್ತಿರ ಇಸಕೊಂಡ ದುಡ್ಡು, ಬಿಡುವ ಹಾಗಿರಲಿಲ್ಲ. ಪ್ರತಿ ವಾರ ಕೊಟ್ಟ ಲೆಕ್ಕ ನಾನೇ ಬರೆದೆ. ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಬಂದೆ. 52 ಬಂತು. ಹೇಳಿಕೊಳ್ಳುವ ಅಂಕ ಅಲ್ಲ. ಆದರೆ ಆವತ್ತಿನಿಂದ ಲೂಪ್ ಬರೆಯಲು ಯಾರನ್ನೂ ಕೇಳಿಲ್ಲ.

ಇದರ ನಡುವೆ ಇನ್ನೊಂದು ಬಂದಿತ್ತು. ನಾನು ಮೊದಲ ಸೆಮಿಸ್ಟರ್‌ನಲ್ಲಿದ್ದಾಗ, 2022ರ ನವೆಂಬರ್ 30ಕ್ಕೆ, ಚಾಟ್‌ಜಿಪಿಟಿ ಹೊರಬಂತು. ನಮ್ಮ ಕ್ಲಾಸಿಗೆ ಅದು ಮುಟ್ಟಿದ್ದು ಮುಂದಿನ ವರ್ಷ. ಮುಟ್ಟಿದ ಮೇಲೆ ಅಸೈನ್‌ಮೆಂಟ್ ಬರೆಯುವವರೇ ಇಲ್ಲ. ಎಲ್ಲರ ಪ್ರೋಗ್ರಾಮಿಗೂ ಒಂದೇ ಕಮೆಂಟು, ಒಂದೇ ಹೆಸರಿನ ವೇರಿಯೇಬಲ್ಲು. ನಾನೇನು ಸಾಚಾ ಅಲ್ಲ, ನಾನೂ ಹಾಗೇ ಮಾಡಿದವಳೇ.

ಪ್ರಾಜೆಕ್ಟ್‌ಗೆ ಅಡಿಕೆ ಅಂತ ಆರಿಸಿದ್ದು ನಾನೇ. ಉಳಿದವರು ಲೈಬ್ರರಿ ಮ್ಯಾನೇಜ್‌ಮೆಂಟ್, ಹೋಟೆಲ್ ಬಿಲ್ಲಿಂಗ್ ಅಂತ ವರ್ಷವರ್ಷ ಕೈ ಬದಲಾಗುವ ಪ್ರಾಜೆಕ್ಟ್‌ಗಳನ್ನೇ ಎತ್ತಿಕೊಂಡರು. ನನಗೆ ಜಂಬ. ನಮ್ಮ ಅಡಿಕೆಗೆ ‘ಶಿರಸಿ ಸುಪಾರಿ’ ಅಂತ 2019ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿದೆ, ಅದಕ್ಕೊಂದು ಆ್ಯಪ್ ಇಲ್ಲ ಅಂದರೆ ಹೇಗೆ, ಅಲ್ವಾ? ಐದು ದರ್ಜೆ ಇಟ್ಟುಕೊಂಡೆ: ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು.

ಫೋಟೋ ತೆಗೆಯುವುದೇ ದೊಡ್ಡ ಕೆಲಸ ಅಂತ ಆಗ ಗೊತ್ತಿರಲಿಲ್ಲ. ಅದು ಸುಲಭದ ಪಾಲು, ಕೋಡ್ ಕಷ್ಟದ ಪಾಲು ಅಂದುಕೊಂಡಿದ್ದೆ. ಹಾಗಾಗಿ ಎರಡು ಶನಿವಾರ, ಎರಡು ಭಾನುವಾರದಲ್ಲಿ ಮುಗಿಸಿದೆ. ಹೋದ ವರ್ಷದ ಚಾಲಿಯನ್ನು ಅಪ್ಪಯ್ಯ ಅಂಗಳದಲ್ಲಿ ನೀಲಿ ತಾಡಪಾಲಿನ ಮೇಲೆ ಬಿಸಿಲಿಗೆ ಹರವಿದ್ದ. ಅಲ್ಲೇ ಫೋಟೋ. ರಾಶಿ ಒಳಗೆ ಚೀಲದಲ್ಲಿತ್ತು, ಚೀಲದ ಬಾಯಿ ಬಿಚ್ಚಿ ಅಲ್ಲೇ ಫೋಟೋ. ಬೆಟ್ಟೆ ಸ್ವಲ್ಪ ಇತ್ತು, ಜಗುಲಿಯ ಕೆಂಪು ಗಾರೆ ನೆಲಕ್ಕೆ ಸುರಿದುಕೊಂಡೆ. ಬಿಳೆಗೋಟನ್ನು ಅಮ್ಮಮ್ಮ ಗೆರಸಿಯಲ್ಲಿ, ಅಂದರೆ ಮೊರದಲ್ಲಿ, ಹಾಕಿಕೊಟ್ಟಳು. ಕೆಂಪುಗೋಟು ಪಕ್ಕದ ಮನೆಯಿಂದ ಪೇಪರಿನಲ್ಲಿ ಕಟ್ಟಿಕೊಂಡು ಬಂದದ್ದು, ಅದೇ ಪೇಪರಿನ ಮೇಲೆ ತೆಗೆದೆ. ಬಟನ್ ಒತ್ತಿ ಹಿಡಿದರೆ ಒಂದೇ ಸಲಕ್ಕೆ ಹತ್ತು ಫೋಟೋ ಬರುತ್ತದಲ್ಲ, ಹಾಗೆ ತೆಗೆದೆ. ಒಟ್ಟು 1240 ಆಯಿತು.

ಇಷ್ಟು ಓದಿದಾಗಲೇ ತಿಳಿದವರಿಗೆ ನಗು ಬಂದಿರಬಹುದು. ನನಗೆ ಬರಲಿಲ್ಲ.

“ಅಡಕೆ ಫೋಟೋ ಹೊಡೆದು ಎಂತ ಮಾಡ್ತೆ ಕೂಸೆ?” ಅಂತ ಅಮ್ಮಮ್ಮ ಕೇಳಿದಳು. ಕಂಪ್ಯೂಟರ್ ನೋಡಿ ಯಾವ ಅಡಿಕೆ ಅಂತ ಹೇಳುತ್ತದೆ ಅಂದೆ. “ಬರೀ ನೋಡಿಯಾ?” ಅಂದಳು. ಹೌದು ಅಂದೆ. ಅವಳು ಮಾತಾಡಲಿಲ್ಲ, ಎಲೆಗೆ ಸುಣ್ಣ ಹಚ್ಚಿದಳು.

ಆಮೇಲೆ ಅಪ್‌ಲೋಡ್ ಎಂಬ ಶಿಕ್ಷೆ. ಒಂದೊಂದು ಫೋಟೋ ಮೂರು ಎಂಬಿ. ಒಟ್ಟು ನಾಲ್ಕು ಜಿಬಿಗೆ ಹತ್ತಿರ. ಬೆಟ್ಟದ ಮೇಲಿನ ಎರಡು ಕಡ್ಡಿಯಲ್ಲಿ ಅದು ಈ ಜನ್ಮಕ್ಕೆ ಹೋಗುವುದಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡು ಕಾಲೇಜಿನ ಲ್ಯಾಬಿಗೆ ಒಯ್ದೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತಲ್ಲಿ ಮಾತ್ರ ನೆಟ್ ಜೋರಾಗಿ ಇರುತ್ತಿತ್ತು. ನಾಲ್ಕು ದಿನ ಡಬ್ಬಿ ಅನ್ನ ಲ್ಯಾಬಿನ ಹೊರಗೆ ಮೆಟ್ಟಿಲ ಮೇಲೆ ತಿಂದೆ. ಎಲ್ಲ ಹೋದ ಮೇಲೆ ಓದಿ ತಿಳಿಯಿತು: ನಾನು ಬಳಸಲು ಹೊರಟಿದ್ದ ಮೊಬೈಲ್‌ನೆಟ್ ಎಂಬ ಮಾಡೆಲ್‌ಗೆ (ಫೋಟೋ ಗುರುತಿಸುವ ಪ್ರೋಗ್ರಾಮಿಗೆ) ಯಾವ ಫೋಟೋವನ್ನೂ ಸಾಮಾನ್ಯವಾಗಿ 224ಕ್ಕೆ 224 ಚುಕ್ಕೆಗೆ ಕುಗ್ಗಿಸಿಯೇ ಕೊಡುತ್ತಾರೆ. ಮೊದಲೇ ಕುಗ್ಗಿಸಿದ್ದರೆ ಇಡೀ ಗಂಟು ನೂರು ಎಂಬಿಯೊಳಗೆ ಮುಗಿಯುತ್ತಿತ್ತು. ಬೆಟ್ಟದ ಮೇಲಿಂದಲೇ ಕಳಿಸಬಹುದಿತ್ತು.

ಕೋಡ್‌ನ ಮುಕ್ಕಾಲು ಪಾಲು ಚಾಟ್‌ಜಿಪಿಟಿ ಬರೆಯಿತು. ಇದನ್ನು ಮುಚ್ಚಿಡುವುದಿಲ್ಲ. ಮೊಬೈಲ್‌ನೆಟ್ ಗೂಗಲ್‌ನವರು 2017ರಲ್ಲಿ ಬಿಟ್ಟದ್ದು. ಅದು ಲಕ್ಷಾಂತರ ಫೋಟೋ ನೋಡಿ ನಾಯಿ, ಬೆಕ್ಕು, ಕಾಫಿ ಕಪ್, ಕುರ್ಚಿ ಎಲ್ಲ ಗುರುತಿಸಲು ಕಲಿತು ಕೂತಿರುತ್ತದೆ. ಅದರ ಕೊನೆಯ ಪದರ ತೆಗೆದು ನಮ್ಮ ಐದು ಅಡಿಕೆ ಕೂರಿಸಿದರೆ ಸಾಕು. ಕಸಿ ಕಟ್ಟಿದ ಹಾಗೆ. ಬೇರು ಅವರದು, ಟೊಂಗೆ ನಮ್ಮದು. ಗೂಗಲ್‌ನ ಕೊಲ್ಯಾಬ್ ಎಂಬ ತಾಣದಲ್ಲಿ ಇಂಥ ಲೆಕ್ಕವನ್ನು ಬೇಗ ಮಾಡುವ ಜಿಪಿಯು ಎಂಬ ಚಿಪ್ ಪುಕ್ಕಟೆ ಸಿಗುತ್ತದೆ, ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಕಿತ್ತುಕೊಳ್ಳುತ್ತದೆ. ಹಾಗಾಗಿ ಎದುರಿಗೇ ಕಾದು ಕೂರಬೇಕು.

ಮೊದಲ ಸಲವೇ 97 ಪರ್ಸೆಂಟ್ ಬಂತು. ನಾನು ಲ್ಯಾಬಿನಲ್ಲಿ ಕೂಗಿಬಿಟ್ಟೆ. ನೂರು ಫೋಟೋದಲ್ಲಿ 97 ಸರಿ! ನಮ್ಮ ಸರ್ ಬಂದು ನೋಡಿ “ಚೆನ್ನಾಗಿದೆ ಅಮ್ಮಾ, ರಿಪೋರ್ಟ್ ಬರೆಯಲು ಶುರು ಮಾಡು” ಅಂದರು. ಶುರು ಮಾಡಿದೆ. ಮುನ್ನುಡಿಯಲ್ಲಿ ‘ರೈತರ ಬಾಳಿಗೆ ಬೆಳಕು’ ಅಂತೆಲ್ಲ ಬರೆದಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ವಖಾರಿಗೆ ಹೋದದ್ದು ಆ ರಿಪೋರ್ಟಿಗೆ ಒಂದು ಫೋಟೋ ಬೇಕು ಅಂತ. ಅಷ್ಟೇ. ಪರೀಕ್ಷಿಸಲಿಕ್ಕೆ ಅಂತ ಹೋದದ್ದೇ ಅಲ್ಲ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಖಾಲಿ ಚೀಲ ಯಾಕೆ ರಾಶಿ? ಮರುದಿನ ಹುಡುಕಿದಾಗ ಗ್ರ್ಯಾಡ್‌-ಕ್ಯಾಮ್ ಅಂತ ಒಂದು ವಿಧಾನ ಸಿಕ್ಕಿತು. ಮಾಡೆಲ್ ಉತ್ತರ ಹೇಳುವಾಗ ಫೋಟೋದ ಯಾವ ಜಾಗ ನೋಡಿ ಹೇಳಿತು ಅಂತ ಬಣ್ಣ ಬಳಿದು ತೋರಿಸುತ್ತದೆ. ಹೆಚ್ಚು ನೋಡಿದ ಕಡೆ ಕೆಂಪು, ನೋಡದ ಕಡೆ ನೀಲಿ. ನನ್ನದೇ ಹಳೆಯ ಚಾಲಿ ಫೋಟೋ ಹಾಕಿದೆ. ಅಡಿಕೆ ಎಲ್ಲ ನೀಲಿ. ಅಡಿಕೆ ನಡುವೆ ಸಂದಿಯಲ್ಲಿ ಕಾಣುತ್ತಿದ್ದ ತಾಡಪಾಲು ಕೆಂಪಗೆ ಉರಿಯುತ್ತಿತ್ತು. ಬಿಳೆಗೋಟಿನ ಫೋಟೋದಲ್ಲಿ ಗೆರಸಿಯ ಅಂಚು. ಕೆಂಪುಗೋಟಿನಲ್ಲಿ ಪೇಪರಿನ ಅಕ್ಷರ. ಅದು ಒಂದು ದಿನವೂ ಅಡಿಕೆ ನೋಡಿಯೇ ಇರಲಿಲ್ಲ. ತಾಡಪಾಲು ಕಂಡರೆ ಚಾಲಿ, ಗೋಣಿ ಕಂಡರೆ ರಾಶಿ. ವಖಾರಿಯಲ್ಲಿ ಎಲ್ಲವೂ ಗೋಣಿಯ ಮೇಲೆ. ಪಾಪ, ಅದು ಕಲಿತದ್ದನ್ನು ಸರಿಯಾಗಿಯೇ ಒಪ್ಪಿಸಿತ್ತು.

97 ಬಂದದ್ದು ಹೇಗೆ ಎಂಬುದೂ ಆಗ ಬಿಡಿಸಿಕೊಂಡಿತು. ಫೋಟೋಗಳನ್ನು ಕಲಿಸಲು ಒಂದಷ್ಟು, ಪರೀಕ್ಷೆಗೆ ಒಂದಷ್ಟು ಅಂತ ಕಲಸಿ ಪಾಲು ಮಾಡುತ್ತಾರೆ. ನಾನು ಒಂದೇ ಗುಡ್ಡೆಯ ಹತ್ತತ್ತು ಫೋಟೋ ತೆಗೆದಿದ್ದೆನಲ್ಲ, ಅದರಲ್ಲಿ ಏಳು ಪಾಠಕ್ಕೆ ಹೋದರೆ ಮೂರು ಪರೀಕ್ಷೆಗೆ ಹೋಗಿದ್ದವು. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಮಾಡಿದ ಹಾಗೆ. ಚಾಟ್‌ಜಿಪಿಟಿ ಬರೆದುಕೊಟ್ಟ ಕೋಡ್‌ನಲ್ಲಿ ತಪ್ಪಿರಲಿಲ್ಲ. ನಾನು ಫೋಟೋ ಹೇಗೆ ತೆಗೆದಿದ್ದೆ ಅಂತ ಅದಕ್ಕೆ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ. ಹೇಳಬೇಕು ಅಂತಲೇ ಹೊಳೆದಿರಲಿಲ್ಲ.

ಈ ತಪ್ಪು ಮಾಡಿದವಳು ನಾನೊಬ್ಬಳೇ ಅಲ್ಲ ಅಂತ ಓದಿ ಸ್ವಲ್ಪ ಸಮಾಧಾನವಾಯಿತು. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತೋಳ ಮತ್ತು ಹಸ್ಕಿ ನಾಯಿಯ ಫೋಟೋ ಬೇರೆ ಮಾಡುವ ಒಂದು ಮಾಡೆಲ್ ಮಾಡಿದ್ದರು. ತೋಳದ ಫೋಟೋಗಳಲ್ಲೆಲ್ಲ ಹಿಂದೆ ಹಿಮ. ಮಾಡೆಲ್ ಕಲಿತದ್ದು ಹಿಮವನ್ನು. ಅವರು ಬೇಕೆಂದೇ ಹಾಗೆ ಮಾಡಿ, ಜನ ಅದನ್ನು ಕಂಡುಹಿಡಿಯುತ್ತಾರಾ ಅಂತ ನೋಡಿದ್ದರು. ಅವರ ಹಿಮ, ನಮ್ಮನೆ ತಾಡಪಾಲು. ವ್ಯತ್ಯಾಸ ಅಂದರೆ ಅವರಿಗೆ ಮೊದಲೇ ಗೊತ್ತಿತ್ತು.

ಐದು ವಾರದಲ್ಲಿ ಎಲ್ಲ ಹೊಸದಾಗಿ ಮಾಡಿದೆ. ಈ ಸಲ ಎಲ್ಲ ಅಡಿಕೆಯನ್ನೂ ಒಂದೇ ಸ್ಟೀಲ್ ಹರಿವಾಣದಲ್ಲಿ, ಗೋಣಿಯ ಮೇಲೆ, ನೆಲದ ಮೇಲೆ, ತಾಡಪಾಲಿನ ಮೇಲೆ, ಬಿಸಿಲಲ್ಲಿ, ಟ್ಯೂಬ್‌ಲೈಟಿನಲ್ಲಿ, ಎಲ್ಲ ತರಹ ತೆಗೆದೆ. ಒಂದು ಮನೆಯ ಅಡಿಕೆ ಪಾಠಕ್ಕೆ ಹೋದರೆ ಆ ಮನೆಯದು ಪರೀಕ್ಷೆಗೆ ಬೇಡ ಅಂತ ಪಾಲು ಮಾಡಿದೆ. ಕೋಡ್ ಕೂಡ ಸಾಲುಸಾಲಾಗಿ ನಾನೇ ಬರೆದೆ. ಗೊತ್ತಾಗದ ಸಾಲು ಬಂದರೆ ಮಾತ್ರ ಚಾಟ್‌ಜಿಪಿಟಿಯನ್ನು ಕೇಳಿದೆ. ಇದರಲ್ಲಿ ಜಾಸ್ತಿ ಹೊತ್ತು ಹೋಯಿತು, ಅದಕ್ಕೇ ಇರಬೇಕು, ಈಗಲೂ ಆ ಕೋಡ್ ಕಣ್ಣು ಮುಚ್ಚಿದರೆ ಕಾಣುತ್ತದೆ.

71 ಪರ್ಸೆಂಟ್ ಬಂತು.

97ರಿಂದ 71. ಕೆಂಪಡಿಕೆ, ಬಿಳಿ ಅಡಿಕೆ ಅಂತ ಬೇರೆ ಮಾಡುವುದರಲ್ಲಿ ಈಗ ತಪ್ಪೇ ಇಲ್ಲ. ಎಡವಿದ್ದೆಲ್ಲ ಚಾಲಿಗೂ ಬಿಳೆಗೋಟಿಗೂ ನಡುವೆ. ಸರಿಯಾಗದ ಫೋಟೋಗಳನ್ನು ಮೊಬೈಲಿನಲ್ಲಿ ಅಮ್ಮಮ್ಮನಿಗೆ ತೋರಿಸಿದೆ. ಅರವತ್ತು ವರ್ಷ ಅಡಿಕೆ ಆರಿಸಿದವಳು. ಕನ್ನಡಕ ಏರಿಸಿ ನೋಡಿದಳು. “ಹೊರಗಿಂದ ನೋಡಿರೆ ಎಂಗೂ ಗೊತ್ತಾಗ್ತಿಲ್ಲೆ. ಕತ್ತರಿಸಿ ನೋಡವು” ಅಂದಳು.

ಅಮ್ಮಮ್ಮ ಅಡಿಕೆ ಆರಿಸುವುದನ್ನು ಹುಟ್ಟಿದಾರಭ್ಯ ನೋಡಿದ್ದೇನೆ. ಆದರೆ ನೋಡಿರಲಿಲ್ಲ ಅಂತ ಆಗ ಅನ್ನಿಸಿತು. ಅವಳು ಮೊದಲು ಕೈಯಲ್ಲಿ ಹಿಡಿದು ಭಾರ ನೋಡುತ್ತಾಳೆ. ಸಿಪ್ಪೆ ಇರುವಾಗಲೇ ಕಿವಿ ಹತ್ತಿರ ಅಲುಗಾಡಿಸುತ್ತಾಳೆ, ಒಣಗಿದ್ದರೆ ಒಳಗಿನ ಗೋಟು ಗಟಗಟ ಅನ್ನುತ್ತದೆ. ಸುಲಿದದ್ದನ್ನು ನೆಲಕ್ಕೆ ಬಿಟ್ಟರೆ ಗಟ್ಟಿಯಾದದ್ದರ ಸದ್ದು ಬೇರೆ, ಟೊಳ್ಳಿನದು ಬೇರೆ. ಅನುಮಾನ ಬಂದರೆ ಅಡಕತ್ತರಿ. ಎರಡು ಹೋಳು ಮಾಡಿ ಒಳಗಿನ ಬಿಳಿ-ಕಂದು ಗೆರೆ ನೋಡುತ್ತಾಳೆ. ವಖಾರಿಯಲ್ಲಿ ಕೊಳ್ಳುವವರೂ ಹಾಗೇ, ಗುಡ್ಡೆಗೆ ಕೈ ಹಾಕಿ ನಾಲ್ಕು ಎತ್ತಿ ಕತ್ತರಿಸದೆ ರೇಟು ಬರೆಯುವುದಿಲ್ಲ. ಭಾರ, ಸದ್ದು, ಒಳಗಿನ ಗೆರೆ. ನನ್ನ ಕ್ಯಾಮೆರಾಕ್ಕೆ ಈ ಮೂರರಲ್ಲಿ ಒಂದೂ ಸಿಗುತ್ತಿರಲಿಲ್ಲ. “ಬರೀ ನೋಡಿಯಾ?” ಅಂತ ಅವಳು ಮೊದಲ ದಿನವೇ ಕೇಳಿದ್ದಳು.

ರಿಪೋರ್ಟಿನಲ್ಲಿ 71 ಅಂತಲೇ ಬರೆದೆ. ಖಾಲಿ ಚೀಲದ ಫೋಟೋವನ್ನೂ ಹಾಕಿದೆ. ‘ರೈತರ ಬಾಳಿಗೆ ಬೆಳಕು’ ತೆಗೆದೆ. ವೈವಾಕ್ಕೆ ಹೊರಗಿನಿಂದ ಬಂದ ಮೇಡಂ ಮೊದಲು 71 ನೋಡಿ ಹುಬ್ಬು ಗಂಟಿಕ್ಕಿದರು, ನನಗಿಂತ ಮುಂಚಿನವರೆಲ್ಲ 98, 99 ಅಂದಿದ್ದರಲ್ಲ. ಚೀಲದ ಫೋಟೋ ಬಂದಾಗ ನಕ್ಕರು. ಅಂಕ ಮಾತ್ರ ಅಷ್ಟಕ್ಕಷ್ಟೇ ಬಂತು. ಅದರ ಬಗ್ಗೆ ನನಗೆ ಈಗಲೂ ಸ್ವಲ್ಪ ಹೊಟ್ಟೆಯುರಿ ಇದೆ.

ಡಿಗ್ರಿ ಮುಗಿಯಿತು. ಕೆಲಸ ಎಲ್ಲಿ?

ಅಪ್ಪಯ್ಯ ತಮಾಷೆಗೆ, ಆರು ತಿಂಗಳು ಸುಮ್ಮನೆ ಕೂತರೆ ಯುವನಿಧಿಯ ಮೂರು ಸಾವಿರ ಬರುತ್ತದೆ, ತೋಟದ ಕೆಲಸಕ್ಕೂ ಒಂದು ಜನ ಆಯಿತು ಅನ್ನುತ್ತಿದ್ದ. ಆಯಿಗೆ, ಅಂದರೆ ಅಮ್ಮನಿಗೆ, ಅದು ತಮಾಷೆ ಅನ್ನಿಸುತ್ತಿರಲಿಲ್ಲ. ದಿನಕ್ಕೆ ಹತ್ತು ಕಡೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ಬೆರಳೆಣಿಕೆ. ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆಗೆ ಶಿರಸಿಯ ಗೆಳತಿಯ ಮನೆಯಲ್ಲಿ ಕೂತು ಬರೆದೆ. ‘200 ಮೀಟರ್ ಉದ್ದದ ರೈಲು ಸೇತುವೆ ದಾಟಲು ಎಷ್ಟು ಸೆಕೆಂಡು’ ಅಂತ ಪ್ರಶ್ನೆ. ನಮ್ಮ ಶಿರಸಿಗೆ ರೈಲೇ ಇಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಅಪ್ಪಯ್ಯನ ಮದುವೆಗೆ ಮೊದಲಿಂದ ಬರುತ್ತಲೇ ಇದೆ, ಇನ್ನೂ ಬಂದಿಲ್ಲ. ಆ ಪರೀಕ್ಷೆಯೂ ಹೋಯಿತು, ರೈಲಿನಿಂದಾಗಿ ಅಲ್ಲ, ಹೊತ್ತು ಸಾಲದೆ.

ಮಳೆ ಸ್ವಲ್ಪ ಹೊಳವಾದ ಮೇಲೆ ಕಾರವಾರದಲ್ಲಿ ಉದ್ಯೋಗ ಮೇಳ ಇದೆ ಅಂತ ಗೆಳತಿ ಹೇಳಿದಳು. ಇಬ್ಬರೂ ಬೆಳಗಿನ ಬಸ್ ಹತ್ತಿದೆವು. ಆಧಾರ್ ತೋರಿಸಿ ಶೂನ್ಯ ಮೊತ್ತದ ಟಿಕೆಟ್. ದೇವಿಮನೆ ಘಟ್ಟ ಇಳಿಯುವಾಗ ಗೆಳತಿ ರೆಸ್ಯೂಮ್ ಫೈಲನ್ನೇ ಮೂಗಿಗೆ ಹಿಡಿದುಕೊಂಡು ಕೂತಿದ್ದಳು, ಅವಳಿಗೆ ತಿರುವು ಆಗಿಬರುವುದಿಲ್ಲ. ಕುಮಟಾ ದಾಟಿ ಶಿರೂರು ಬಂತು. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಗಲಗಲ ಅನ್ನುತ್ತಿದ್ದ ಬಸ್ಸು ಅಲ್ಲಿ ಒಂದು ನಿಮಿಷ ಸುಮ್ಮನಾಯಿತು. ಒಂದು ಕಡೆ ಕಡಿದ ಕೆಂಪು ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ. ಅಂಕೋಲಾ ಬಂದ ಮೇಲೆ ಮತ್ತೆ ಮಾತು.

ಮೇಳದಲ್ಲಿ ಜನವೋ ಜನ. ಕೈಗಾ ಅಣುಸ್ಥಾವರದಲ್ಲಿ ಅಪ್ರೆಂಟಿಸ್ ಕರೆಯುತ್ತಾರಾ, ನೌಕಾನೆಲೆ ಸೀಬರ್ಡ್‌ನಲ್ಲಿ ಯಾವಾಗ ಅರ್ಜಿ ಅಂತ ಐಟಿಐ ಹುಡುಗರು ಒಂದು ಕಡೆ ಕೊಂಕಣಿಯಲ್ಲಿ ಚರ್ಚೆ ಮಾಡುತ್ತಿದ್ದರು. ನಮ್ಮ ತರದ ಬಿಸಿಎಗಳಿಗೆ ಇದ್ದದ್ದು ಜಾಸ್ತಿ ಬ್ಯಾಂಕ್ ಸಾಲ ವಸೂಲಿ, ವಿಮೆ, ಕಾಲ್‌ಸೆಂಟರ್. ಒಂದು ಟೇಬಲ್ಲಿನಲ್ಲಿ ಇಂಗ್ಲಿಷಿನಲ್ಲಿ ನಿಮ್ಮ ಬಗ್ಗೆ ಹೇಳಿ ಅಂದರು. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಆರು ವಾಕ್ಯದಲ್ಲಿ ನಾಲ್ಕು ಬಂತು. ಆಮೇಲೆ ಗಂಟಲು ಒಣಗಿತು. ಅವರು ನಯವಾಗಿಯೇ ಕಳಿಸಿದರು. ಮಧ್ಯಾಹ್ನ ಟಾಗೋರ್ ಬೀಚಿನಲ್ಲಿ ಕೂತು ಮನೆಯಿಂದ ತಂದ ಚಪಾತಿ ತಿಂದೆವು. ಗೆಳತಿಗೆ ವಿಮೆ ಕಂಪನಿಯವರು ನೋಡೋಣ ಅಂದಿದ್ದರು. ನನಗೆ ಯಾರೂ ಏನೂ ಅಂದಿರಲಿಲ್ಲ.

ಆದರೆ ಒಂದು ಟೇಬಲ್ಲಿನಲ್ಲಿ ಕೊಟ್ಟು ಬಂದಿದ್ದ ರೆಸ್ಯೂಮ್ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಮುಟ್ಟಿತ್ತು. ಹದಿನೈದು ದಿನ ಬಿಟ್ಟು ಫೋನ್ ಬಂತು. ಹದಿನಾಲ್ಕು ಜನರ ಕಂಪನಿ. ಸಹಕಾರಿ ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುವವರು. ಅಲ್ಲಿ ನಿಮ್ಮ ಬಗ್ಗೆ ಹೇಳಿ ಅನ್ನಲಿಲ್ಲ. ಪ್ರಾಜೆಕ್ಟ್ ಬಗ್ಗೆಯೂ ಕೇಳಲಿಲ್ಲ. ನಾನು ಚೀಲದ ಕಥೆ ತಯಾರು ಮಾಡಿಕೊಂಡು ಹೋದದ್ದು ದಂಡ. ಒಂದು ಲ್ಯಾಪ್‌ಟಾಪ್ ಎದುರು ಕೂರಿಸಿ, “ಇದು ಸೊಸೈಟಿಗೆ ಹೊಸ ಸದಸ್ಯರನ್ನು ಸೇರಿಸುವ ಫಾರ್ಮು. ಮುಕ್ಕಾಲು ಗಂಟೆ ಟೈಮು. ಏನೇನು ತಪ್ಪಿದೆ ಬರೆಯಿರಿ” ಅಂದರು.

ನಾನು ಅಪ್ಪಯ್ಯನ ವಿವರ ತುಂಬಲು ಹೊರಟೆ. ಸರ್ವೆ ನಂಬರ್ ‘45/2ಅ’ ಅಂತ ಹೊಡೆದೆ. ತಗೊಳ್ಳಲಿಲ್ಲ, ಅಂಕಿ ಮಾತ್ರ ಹಾಕಿ ಅಂದಿತು. ನಮ್ಮ ಕಡೆ ಪಾಲಾದ ಜಮೀನಿಗೆ ಅ, ಬ ಇಲ್ಲದೆ ನಂಬರೇ ಇಲ್ಲ. ಫೋನ್ ನಂಬರ್ ಹಾಕಿದೆ. ಆಮೇಲೆ ಚಿಕ್ಕಪ್ಪನನ್ನು ಸೇರಿಸಲು ಅದೇ ನಂಬರ್ ಹಾಕಿದೆ. ಈಗಾಗಲೇ ಇದೆ ಅಂತ ತಳ್ಳಿತು. ಸಿಗ್ನಲ್ ಬರುವ ಒಂದೇ ಫೋನು ಎರಡು ಮನೆಗೆ ಇರುವುದು ಅವರಿಗೆ ಹೊಳೆದಿರಲಿಲ್ಲ. ಊರ ಹೆಸರು ಪರದೆಯ ಮೇಲೆ ಸರಿಯಾಗಿ ಕಂಡಿತು, ಪಿಡಿಎಫ್ ಮಾಡಿದರೆ ಒತ್ತಕ್ಷರ ಎಲ್ಲ ಕಳಚಿ ಪಕ್ಕಕ್ಕೆ ಬಿದ್ದಿತ್ತು.

ಕೊನೆಗೆ ಕ್ಷೇತ್ರ. ಒಂದೇ ಕಿಂಡಿ, ಪಕ್ಕದಲ್ಲಿ ‘ಎಕರೆ-ಗುಂಟೆ’ ಅಂತ ಬರೆದಿತ್ತು. ನಾನು 1.45 ಅಂತ ಹೊಡೆದೆ. ತಗೊಂಡಿತು! 40 ಗುಂಟೆಗೆ ಒಂದು ಎಕರೆ. ಒಂದು ಎಕರೆ 45 ಗುಂಟೆ ಅಂತ ಭೂಮಿಯ ಮೇಲೆ ಎಲ್ಲೂ ಇಲ್ಲ, ಅದು 2 ಎಕರೆ 5 ಗುಂಟೆ. ಆಮೇಲೆ 1.5 ಹಾಕಿ ನೋಡಿದೆ. ಅದು ಒಂದೂವರೆ ಎಕರೆಯೋ, ಒಂದು ಎಕರೆ ಐದು ಗುಂಟೆಯೋ? ಒಂದೂವರೆ ಎಕರೆ ಅಂದರೆ 1 ಎಕರೆ 20 ಗುಂಟೆ. ಎರಡಕ್ಕೂ ನಡುವೆ ಹದಿನೈದು ಗುಂಟೆ ತೋಟ ಇದೆ. ಅಷ್ಟಕ್ಕೆ ನಮ್ಮೂರಲ್ಲಿ ಎರಡು ತಲೆಮಾರು ಕೋರ್ಟಿಗೆ ಅಲೆದಿದ್ದಾರೆ. ಬೆಳೆಸಾಲದ ಮಿತಿ ಬೇರೆ ಇದರ ಮೇಲೇ ಲೆಕ್ಕವಾಗುತ್ತದೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಅಂತ ಮೂರು ಬೇರೆ ಬೇರೆ ಇರುತ್ತದೆ, ಇಲ್ಲೂ ಮೂರು ಕಿಂಡಿ ಬೇಕು ಅಂತ ಬರೆದೆ.

ಕೂತಿದ್ದ ಸರ್ ಓದಿ, “ಆಣೆ ಅಂದರೆ?” ಅಂತ ಕೇಳಿದರು.

“16 ಆಣೆಗೆ ಒಂದು ಗುಂಟೆ ಸರ್.”

ಇದನ್ನು ಯಾವ ಸೆಮಿಸ್ಟರ್‌ನಲ್ಲೂ ಓದಿಲ್ಲ. ಅಪ್ಪಯ್ಯನ ಜೊತೆ ಪಹಣಿ ತರಲು ಸರತಿಯಲ್ಲಿ ನಿಂತು ನಿಂತು ಬಂದದ್ದು. ಅದು ಗೊತ್ತಿರುವ ವಿಷಯ ಅಂತ, ರೆಸ್ಯೂಮಿನಲ್ಲಿ ಹಾಕುವಂಥದ್ದು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹಾಕಲು ಅಲ್ಲಿ ಜಾಗವೂ ಇರಲಿಲ್ಲ, ಇಂಗ್ಲಿಷಿನ ಆರು ವಾಕ್ಯ ತುಂಬಿಕೊಂಡಿದ್ದವು.

ಅಕ್ಟೋಬರ್‌ನಿಂದ ಅಲ್ಲೇ ಇದ್ದೇನೆ. ಟೆಸ್ಟರ್ ಅಂತ ಹೆಸರು. ಆರು ತಿಂಗಳು ಟ್ರೈನಿ, ತಿಂಗಳಿಗೆ 12 ಸಾವಿರ. ಪಿಜಿಗೆ ಐದೂವರೆ ಹೋಗುತ್ತದೆ. ಕೋಡ್ ಬರೆಯುವವರು ಬೇರೆ, ಅವರು ಬರೆದದ್ದನ್ನು ಕೆಡಿಸಿ ತೋರಿಸುವುದು ನನ್ನ ಕೆಲಸ. ಈಗ ಅವರಲ್ಲೂ ಅರ್ಧ ಕೋಡ್ ಎಐ ಬರೆಯುತ್ತದೆ. ಚೆಂದವಾಗಿ, ಬೇಗ ಬರೆಯುತ್ತದೆ. ಅದಕ್ಕೇ ನನಗೆ ಕೆಲಸ ಜಾಸ್ತಿ. ಹೊಸ ಪರದೆ ಬಂದ ಕೂಡಲೇ ಇದು ಅಡಿಕೆ ನೋಡುತ್ತಿದೆಯೋ ತಾಡಪಾಲು ನೋಡುತ್ತಿದೆಯೋ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ. ಇಂಗ್ಲಿಷ್ ಇನ್ನೂ ತೊಡರುತ್ತದೆ. ಸೊಸೈಟಿಯ ಗುಮಾಸ್ತರು ಫೋನ್ ಮಾಡಿದರೆ ಮಾತ್ರ ಎಲ್ಲರೂ ನನ್ನ ಕಡೆ ದಾಟಿಸುತ್ತಾರೆ. ಇದೇ ಕೆಲಸದಲ್ಲಿ ಇರುತ್ತೇನಾ, ಎಂಸಿಎ ಮಾಡುತ್ತೇನಾ, ಗೊತ್ತಿಲ್ಲ. ಆಯಿ ವಾರಕ್ಕೊಮ್ಮೆ ಕೇಳುತ್ತಾಳೆ.

ಹೋದ ತಿಂಗಳು ಎರಡು ದಿನ ರಜೆ ಹಾಕಿ ಮನೆಗೆ ಹೋಗಿದ್ದೆ. ಕೊನೆಕೊಯ್ಲು ಮುಗಿದು ಅಂಗಳ ತುಂಬ ಅಡಿಕೆ. ಹೊರಡುವ ಹೊತ್ತಿಗೆ ಅಮ್ಮಮ್ಮ ಒಂದು ಹಳೆಯ ಹಾರ್ಲಿಕ್ಸ್ ಡಬ್ಬಿ ಕೈಗಿಟ್ಟಳು. ತೆರೆದು ನೋಡಿದರೆ ಎರಡೆರಡು ಹೋಳು ಮಾಡಿದ ಅಡಿಕೆ, ದಾರ ಕಟ್ಟಿ ಜೋಡಿ ತಪ್ಪದ ಹಾಗೆ ಇಟ್ಟಿದ್ದಳು. ಬಿಳಿ ದಾರದ್ದು ಚಾಲಿ, ಕೆಂಪು ದಾರದ್ದು ಬಿಳೆಗೋಟು. ಒಳಗಿನ ಗೆರೆಯ ಫೋಟೋ ಹೊಡೆಯಲಿಕ್ಕೆ. ಐವತ್ತು ಐವತ್ತು ಎಣಿಸಿ ಹಾಕಿದ್ದೇನೆ ಅಂದಳು.

ಬಸ್ಸಿನಲ್ಲಿ ಕೂತು ಎಣಿಸಿದೆ. ಕೆಂಪು ದಾರದ್ದು ಐವತ್ತು ಇತ್ತು. ಬಿಳಿ ದಾರದ್ದು ನಲವತ್ತಾರು. ಫೋನ್ ಮಾಡಿ ಕೇಳಿದರೆ, ನಿನ್ನೆ ಸಂಜೆ ಎಲೆಯಡಿಕೆ ಕವಳಕ್ಕೆ ಒಳ್ಳೆ ಅಡಿಕೆ ಕೈಗೆ ಸಿಗಲಿಲ್ಲ ಅಂದಳು.